ಬಿತ್ತನೆಗೆ ಮುಂಚಿನ ಕೆಲಸಗಳು: ನನ್ನ ಅನುಭವ

ಸಾವಯವ ಹೊಲದಲ್ಲಿ ಬಿತ್ತನೆಯ ಕೆಲಸವು ಬಿತ್ತುವ ದಿನಕ್ಕಿಂತ ಬಹಳ ಮೊದಲೇ ಆರಂಭವಾಗುತ್ತದೆ ಎಂಬುದು ಹಿರಿಯ ರೈತರೊಬ್ಬರ ಜೊತೆ ಒಂದು ಪೂರ್ತಿ ವರ್ಷ ದುಡಿದ ಮೇಲೆ ನನಗೆ ಮನದಟ್ಟಾಯಿತು. ಯೂರಿಯಾ ಚೆಲ್ಲಿದರೆ ಕೆಲವೇ ದಿನಗಳಲ್ಲಿ ಬೆಳೆಗೆ ಸಾರಜನಕ ಸಿಗುತ್ತದೆ. ಸೊಪ್ಪು, ಹುಲ್ಲು, ಸಗಣಿಯ ಗೊಬ್ಬರವಾದರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸಿದಷ್ಟೇ ವೇಗದಲ್ಲಿ ಕೊಡುತ್ತದೆ. ಆದ್ದರಿಂದ ಮಳೆಗಾಲದ ಬೆಳೆಗೆ ಬೇಕಾದ ಗೊಬ್ಬರದ ರಾಶಿಯನ್ನು ನಾನು ಬೇಸಿಗೆ ಬಲಿಯುವ ಮೊದಲೇ ಹಾಕುತ್ತೇನೆ. ಒಣ ಕಸ ಮತ್ತು ಹಸಿ ಸೊಪ್ಪು ಸರಿಯಾದ ಪ್ರಮಾಣದಲ್ಲಿ ಬೆರೆತು, ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿಯಷ್ಟೇ ನೀರು ಒಸರುವ ತೇವವಿದ್ದರೆ, ರಾಶಿಯ ಒಡಲು 55 ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ, ಆ ಕಾವಿಗೆ ಹೆಚ್ಚಿನ ಕಳೆ ಬೀಜಗಳು ಸಾಯುತ್ತವೆ. ನಾನು ಕಬ್ಬಿಣದ ಸಲಾಕೆಯೊಂದನ್ನು ರಾಶಿಗೆ ಚುಚ್ಚಿಟ್ಟು, ಸ್ವಲ್ಪ ಹೊತ್ತಿನ ನಂತರ ಎಳೆದು ಮುಟ್ಟಿ ನೋಡುತ್ತೇನೆ. ಹಿಡಿಯಲಾಗದಷ್ಟು ಬಿಸಿಯಿದ್ದರೆ ಕೆಲಸ ನಡೆದಿದೆ, ತಣ್ಣಗಾಗಿದ್ದರೆ ಮಗುಚಿ ಹಾಕಬೇಕು.

ಖಾಲಿ ಬಿದ್ದ ತಾಕಿಗೆ ಹಸಿರು ಗೊಬ್ಬರಕ್ಕೆಂದೇ ಬೆಳೆಯುವ ಸೆಣಬು ಇಲ್ಲವೇ ಡಯಾಂಚ ಗಿಡವನ್ನು ಬಿತ್ತಿ, ಹೂ ಮೂಡುವ ಹೊತ್ತಿಗೆ ಕತ್ತರಿಸಿ ಮಣ್ಣಿಗೆ ಸೇರಿಸುತ್ತೇನೆ. ಇನ್ನೂ ಬೆಳೆಯಲಿ ಎಂದು ಬಿಟ್ಟರೆ ಕಾಂಡ ನಾರುಗಟ್ಟಿ ಬೇಗ ಕೊಳೆಯುವುದಿಲ್ಲ. ಸೇರಿಸಿದ ಮೇಲೆ ಎರಡು ಮೂರು ವಾರ ಕಾಯದೆ ಮುಂದಿನ ಬೆಳೆ ಬಿತ್ತುವುದು ಸಲ್ಲದು.

ಹೊಸಬರಿಗೆ ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದುದು ಕಳೆಯ ವಿಷಯ. ಮೊದಲ ಮಳೆ ಬಿದ್ದೊಡನೆ ಮಡಿ ಸಿದ್ಧಪಡಿಸುತ್ತೇನೆ, ಆದರೆ ಬಿತ್ತುವುದಿಲ್ಲ. ಮೇಲ್ಮಣ್ಣಿನಲ್ಲಿರುವ ಕಳೆ ಬೀಜಗಳು ಮೊಳೆಯಲೆಂದು ಹತ್ತು ಹನ್ನೆರಡು ದಿನ ಸುಮ್ಮನೆ ಬಿಡುತ್ತೇನೆ. ಆ ಅವಧಿಯಲ್ಲಿ ಮಣ್ಣನ್ನು ಬೆರಳಿನಿಂದ ಕೆದಕಿದರೆ ಬಿಳಿ ನೂಲಿನೆಳೆಯಂಥ ಮೊಳಕೆಗಳು ಕಾಣುತ್ತವೆ. ಎಲೆ ಬಲಿಯುವ ಮುನ್ನ, ಬಿಸಿಲಿರುವ ಬೆಳಗ್ಗೆ, ಎರಡು ಮೂರು ಸೆಂಟಿಮೀಟರ್ ಆಳಕ್ಕಷ್ಟೇ ಕುಂಟೆ ಆಡಿಸಿದರೆ ಅವು ಮಧ್ಯಾಹ್ನದೊಳಗೆ ಬಾಡುತ್ತವೆ. ಆಳವಾಗಿ ಕೆದಕಿದರೆ ಕೆಳಗೆ ಮಲಗಿದ್ದ ಬೀಜಗಳು ಮೇಲೆ ಬಂದು ಮತ್ತೊಂದು ಸುತ್ತು ಮೊಳೆಯುತ್ತವೆ. ಬಿತ್ತನೆ ಕೆಲವು ದಿನ ತಡವಾಗುವುದು ನಿಜ, ಆದರೆ ಬೆಳೆಯ ನಡುವೆ ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುವ ಶ್ರಮದ ಮುಂದೆ ಆ ತಡ ನನಗೆ ದೊಡ್ಡದೆನಿಸುವುದಿಲ್ಲ.

ಯಾವ ದಿನ ಮಣ್ಣಿಗಿಳಿಯಬೇಕೆಂಬುದನ್ನು ಪಂಚಾಂಗವಾಗಲಿ ಕ್ಯಾಲೆಂಡರಾಗಲಿ ಹೇಳಲಾರದು. ಹಿಡಿ ಮಣ್ಣನ್ನು ಉಂಡೆ ಮಾಡಿ ಸೊಂಟದೆತ್ತರದಿಂದ ಕೆಳಗೆ ಬಿಟ್ಟು, ಅದು ಪುಡಿಯಾದರೆ ಮಾತ್ರ ಉಳುಮೆಗೆ ತೊಡಗುತ್ತೇನೆ. ಮುದ್ದೆಯಾಗಿಯೇ ಉಳಿದರೆ ಇನ್ನೂ ಹಸಿಯಿದೆಯೆಂದು ತಿಳಿದು ಬೇರೆ ಕೆಲಸ ನೋಡಿಕೊಳ್ಳುತ್ತೇನೆ.

ಕೊಯ್ಲಿನ ಬಗ್ಗೆ ಹೇಳಿಕೊಡುವವರು ಬಹಳ ಮಂದಿ ಇದ್ದಾರೆ. ಬೀಜದ ಬಗ್ಗೆ ಕಡಿಮೆ. ರೋಗವಿಲ್ಲದ, ಮೈತುಂಬಿ ಬೆಳೆದ ಗಿಡಗಳಿಗೆ ಕೊಯ್ಲಿಗೆ ಮೊದಲೇ ದಾರ ಕಟ್ಟಿ, ಅವುಗಳ ಬೀಜವನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ ಎತ್ತಿಡುತ್ತೇನೆ. ಮುಂದಿನ ಹಂಗಾಮಿಗೆ ಮುನ್ನ 100 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆತವೆಂದು ಎಣಿಸಿ, ಎಣಿಕೆ ಕಡಿಮೆಯಿದ್ದರೆ ಆ ಮಟ್ಟಿಗೆ ಒತ್ತಾಗಿ ಬಿತ್ತುತ್ತೇನೆ.