1914ರ ಕ್ರಿಸ್‌ಮಸ್ ಕದನವಿರಾಮವನ್ನು ರಂಗಕ್ಕೆ ತರುವುದು ಹೇಗೆ

ಮೊದಲ ಮಹಾಯುದ್ಧದ ಆ ಕ್ರಿಸ್‌ಮಸ್‌ನಲ್ಲಿ, ಎದುರುಬದುರು ಕಂದಕಗಳಲ್ಲಿದ್ದ ಬ್ರಿಟಿಷ್ ಮತ್ತು ಜರ್ಮನ್ ಸೈನಿಕರು ಹಲವೆಡೆ ತಾವಾಗಿಯೇ ಗುಂಡು ಹಾರಿಸುವುದನ್ನು ನಿಲ್ಲಿಸಿ ನಡುವಿನ ಬಯಲಿನಲ್ಲಿ ಭೇಟಿಯಾದರು. ಅದನ್ನು ರಂಗಕ್ಕೆ ತರುವಾಗ ಮೊದಲು ಟೋಪಿ. 1914ರ ಡಿಸೆಂಬರ್‌ನಲ್ಲಿ ಉಕ್ಕಿನ ಹೆಲ್ಮೆಟ್ ಇನ್ನೂ ಬಂದಿರಲಿಲ್ಲ. ಬ್ರಿಟಿಷರಿಗೆ ಬಟ್ಟೆಯ ಟೋಪಿ, ಜರ್ಮನ್ನರಿಗೆ ಬಟ್ಟೆ ಹೊದಿಸಿದ ಮೊನೆಯ ತೊಗಲು ಶಿರಸ್ತ್ರಾಣ ಕೊಡಿ.

ರಂಗದ ಎರಡೂ ಬದಿಗೆ ಎದೆಮಟ್ಟದ ಗೋಣಿಚೀಲದ ಗೋಡೆ, ನಡುವೆ ಕನಿಷ್ಠ 12 ಅಡಿ ಬರಿನೆಲ ಇರಲಿ. ಎಲ್ಲ ಚೀಲಕ್ಕೂ ಮರಳು ತುಂಬಿದರೆ ರಂಗದ ಹಲಗೆ ಕುಸಿಯಬಹುದು. ತೆಂಗಿನ ನಾರು ತುಂಬಿ, ಕೆಳಸಾಲಿಗೆ ಮಾತ್ರ ತಲಾ 3 ಕೆಜಿ ಮರಳು ಸೇರಿಸಿ. ನಟ ಒರಗಿದರೂ ಗೋಡೆ ಜಾರದು. ನಾರು ಬೇಗ ಹೊತ್ತಿಕೊಳ್ಳುವುದರಿಂದ ಜರ್ಮನ್ನರ ಪುಟ್ಟ ಕ್ರಿಸ್‌ಮಸ್ ಮರಗಳಿಗೆ ಮೇಣದಬತ್ತಿ ಬೇಡ, ಬ್ಯಾಟರಿ ದೀಪ ಸಾಕು.

ನಾಟಕದ ಜೀವ ಇರುವುದು ಆ 12 ಅಡಿಯಲ್ಲಿ. ಹಾಡು ಜರ್ಮನ್ ಕಡೆಯಿಂದ, ಕತ್ತಲೊಳಗಿಂದ, ವಾದ್ಯವಿಲ್ಲದೆ ಬರಲಿ. ಮೊದಲು ಮೇಲೆದ್ದವನ ಎರಡೂ ಕೈ ಖಾಲಿ ಕಾಣಬೇಕು. ಅವನು ನಿಂತ ಮೇಲೆ ಹತ್ತು ಎಣಿಸುವಷ್ಟು ಮೌನ. ನಟರು ಇದನ್ನು ನಾಲ್ಕಕ್ಕೇ ಮುಗಿಸುತ್ತಾರೆ, ತಾಲೀಮಿನಲ್ಲಿ ಗಟ್ಟಿಯಾಗಿ ಎಣಿಸಿ ರೂಢಿ ಮಾಡಿಸಿ. ಕೂಡಲೇ ಅಪ್ಪುಗೆ ಬೇಡ. ಸಮವಸ್ತ್ರದ ಗುಂಡಿ, ಸಿಗರೇಟು ಕೈಬದಲಾಗಲಿ.

ಎಲ್ಲರೂ ಒಂದೇ ಕನ್ನಡ ಆಡಿದರೆ ಅಪರಿಚಿತತೆ ಸತ್ತುಹೋಗುತ್ತದೆ. ಬ್ರಿಟಿಷರಿಗೆ ಕನ್ನಡ, ಜರ್ಮನ್ನರಿಗೆ ಜರ್ಮನ್. ಲಂಡನ್ನಿನಲ್ಲಿ ಹೋಟೆಲ್ ಮಾಣಿಯಾಗಿದ್ದ ಒಬ್ಬ ಜರ್ಮನ್ ಮಾತ್ರ ಎರಡನ್ನೂ ಆಡಲಿ. ಅಂಥವರು ಆ ಸೇನೆಯಲ್ಲಿ ನಿಜವಾಗಿಯೂ ಇದ್ದರು.

ಸತ್ತವರನ್ನು ಹೂಳುವ ದೃಶ್ಯ ಕತ್ತರಿಸಬೇಡಿ. ಎರಡೂ ಕಡೆಯವರಿಗೆ ಸೇರಿ ಎರಡೇ ಗುದ್ದಲಿ ಕೊಡಿ, ಕೈಯಿಂದ ಕೈಗೆ ಸಾಗಲಿ.