ಎಂಟನೇ ಕ್ಲಾಸಲ್ಲೇ ಶುರು ಮಾಡಿ: ಸ್ಕಾಲರ್‌ಶಿಪ್‌ನಿಂದ ಸೇನೆಯ ಬಾಗಿಲವರೆಗೆ

ಕಾಸರಗೋಡಿನಿಂದ ಕಣ್ಣೂರಿಗೆ ರೈಲಿನಲ್ಲಿ ಹೋಗುವಾಗ ಪಯ್ಯನ್ನೂರು ದಾಟಿದ ಮೇಲೆ ಬಲಗಡೆ ಏಳಿಮಲದ ಗುಡ್ಡ ಕಾಣುತ್ತದೆ. ನೌಕಾಪಡೆಯ ಅಧಿಕಾರಿಗಳು ತಯಾರಾಗುವ ಅಕಾಡೆಮಿ ಇರುವುದು ಅಲ್ಲೇ. ಆ ಗುಡ್ಡ ಹತ್ತುವ ಆಸೆ ನಿಮ್ಮ ಮಗಳಿಗೋ ಮಗನಿಗೋ ಇದ್ದರೆ, ಪ್ಲಸ್ ಟು (ಹನ್ನೆರಡನೇ ಕ್ಲಾಸು) ಮುಗಿಯಲಿ ಎಂದು ಕಾಯಬೇಡಿ.

ಮೊದಲು ದುಡ್ಡಿನ ದಾರಿ. ಎನ್‌ಎಂಎಂಎಸ್, ಅಂದರೆ ಕಡಿಮೆ ಆದಾಯದ ಮನೆಯ ಜಾಣ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ಸ್ಕಾಲರ್‌ಶಿಪ್. ಅದರ ಪರೀಕ್ಷೆ ಎಂಟನೇ ಕ್ಲಾಸಿನ ಮಕ್ಕಳಿಗೆ. ಶಾಲೆ ಸರ್ಕಾರಿ ಅಥವಾ ಅನುದಾನಿತ ಆಗಿರಬೇಕು, ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಪಠ್ಯದ ಪ್ರಶ್ನೆಗಳು 90, ಬುದ್ಧಿಶಕ್ತಿಯವು 90. ಮಕ್ಕಳು ತಡವರಿಸುವುದು ಎರಡನೆಯದರಲ್ಲಿ. ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು ದಿನಕ್ಕೆ ಅರ್ಧ ಗಂಟೆ ಬಿಡಿಸಲಿ.

ಆದಾಯ ಸರ್ಟಿಫಿಕೇಟಿಗೆ ಅಕ್ಷಯ ಕೇಂದ್ರದಲ್ಲಿ (ಕೇರಳ ಸರ್ಕಾರದ ಆನ್‌ಲೈನ್ ಸೇವಾ ಕೇಂದ್ರ) ಅರ್ಜಿ ಹಾಕಿ, ವಿಲೇಜ್ ಆಫೀಸಿನಿಂದ ಸಿಗುತ್ತದೆ. ನಮ್ಮ ಕಾಸರಗೋಡಿನ ಕಡೆ ನಿಜವಾದ ತಲೆನೋವು ಹೆಸರಿನದು. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ, ಕಂಪ್ಯೂಟರಿನಲ್ಲಿ ಇಂಗ್ಲಿಷ್. ನನ್ನ ಅಕ್ಕನ ಮಗನ ಆಧಾರ್‌ನಲ್ಲಿ ‘ಶೆಟ್ಟಿ’ ಇತ್ತು, ಶಾಲೆಯ ದಾಖಲೆಯಲ್ಲಿ ಬರೀ ‘ಎಸ್’, ಪಾಸ್‌ಬುಕ್ಕಿನಲ್ಲಿ ಅದೂ ಇಲ್ಲ. ಸರಿಮಾಡಿಸಲು ಮೂರು ಸಲ ಓಡಾಡಿದೆವು. ಅರ್ಜಿ ಹಾಕುವ ಮೊದಲೇ ಮೂರನ್ನೂ ಮೇಜಿನ ಮೇಲಿಟ್ಟು ಅಕ್ಷರ ಅಕ್ಷರ ಹೋಲಿಸಿ. ಇನ್ನೊಂದು ಮಾತು: ಈ ಸ್ಕಾಲರ್‌ಶಿಪ್ಪನ್ನು ಪ್ರತಿ ವರ್ಷ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ನವೀಕರಿಸಬೇಕು. ಒಮ್ಮೆ ಬಂತಲ್ವಾ ಎಂದು ಸುಮ್ನೆ ಕೂತರೆ ನಿಂತುಹೋಗುತ್ತದೆ.

ಎಂಟನೇ ಕ್ಲಾಸಿನಲ್ಲೇ ಎನ್‌ಸಿಸಿಗೂ (ನ್ಯಾಷನಲ್ ಕೆಡೆಟ್ ಕೋರ್) ಸೇರಿಸಿ. ಜೂನಿಯರ್ ವಿಭಾಗದಲ್ಲಿ ಎರಡು ವರ್ಷ ಪರೇಡು, ಕ್ಯಾಂಪು ಮುಗಿಸಿ ಪರೀಕ್ಷೆ ಪಾಸಾದರೆ ‘ಎ’ ಸರ್ಟಿಫಿಕೇಟ್. ಗ್ರೇಸ್ ಮಾರ್ಕಿನ ಆಸೆಗೆ ಸೇರುವವರೂ ಇದ್ದಾರೆ, ಇರಲಿ ಬಿಡಿ. ಹತ್ತು ಜನರನ್ನು ಸಾಲಾಗಿ ನಿಲ್ಲಿಸಿ ಗಟ್ಟಿ ದನಿಯಲ್ಲಿ ‘ಸಾವಧಾನ್’ ಹೇಳುವುದು ನಾಚಿಕೆಯ ಮಕ್ಕಳಿಗೆ ಎಷ್ಟು ಕಷ್ಟ ಎಂದು ನೋಡಿದವರಿಗೇ ಗೊತ್ತು. ಕೆಲವು ಶಾಲೆಗಳಲ್ಲಿರುವುದು ಸ್ಟೂಡೆಂಟ್ ಪೊಲೀಸ್ ಕೆಡೆಟ್. ಅದೂ ಒಳ್ಳೆಯದೇ, ಆದರೆ ಅದರಿಂದ ಎನ್‌ಸಿಸಿ ಸರ್ಟಿಫಿಕೇಟ್ ಸಿಗುವುದಿಲ್ಲ.

ಸೈನಿಕ ಶಾಲೆಗೆ ಆರನೇ ಮತ್ತು ಒಂಬತ್ತನೇ ಕ್ಲಾಸಿಗೆ ಪ್ರವೇಶವಿದೆ. ಆರನೆಯದರ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಒಂಬತ್ತನೆಯದು ಇಂಗ್ಲಿಷ್ ಮಾತ್ರ. ನಮಗೆ ಕೊಡಗಿನ ಕೂಡಿಗೆಯ ಸೈನಿಕ ಶಾಲೆ ಹತ್ತಿರ, ಆದರೆ ಅಲ್ಲಿ ನಾವು ಹೊರರಾಜ್ಯದವರು. ತವರು ರಾಜ್ಯದ ಲೆಕ್ಕದಲ್ಲಿ ಸಿಗುವುದು ತಿರುವನಂತಪುರದ ಕಳಕ್ಕೂಟಂ.

ಕೊನೆಗೆ ಎನ್‌ಡಿಎ, ಅಂದರೆ ಮೂರೂ ಸೇನೆಗಳ ಅಧಿಕಾರಿಗಳು ತರಬೇತಿ ಪಡೆಯುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಯುಪಿಎಸ್‌ಸಿ (ಕೇಂದ್ರ ಲೋಕಸೇವಾ ಆಯೋಗ) ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ, ಪ್ಲಸ್ ಟು ಓದುತ್ತಿರುವಾಗಲೇ ಬರೆಯಬಹುದು. ಏಳಿಮಲದ ಸೀಟುಗಳೂ ಇದರಲ್ಲೇ ಸೇರಿವೆ. 2022ರಿಂದ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿರುವ ಎನ್‌ಡಿಎಯಲ್ಲಿ ಹುಡುಗಿಯರೂ ತರಬೇತಿ ಪಡೆಯುತ್ತಿದ್ದಾರೆ. ಭೂಸೇನೆಗೆ ಪ್ಲಸ್ ಟುವಿನಲ್ಲಿ ಯಾವ ವಿಭಾಗ ಓದಿದರೂ ಸೈ. ನೌಕಾಪಡೆ, ವಾಯುಪಡೆಗೆ ಪ್ಲಸ್ ಟುವಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಬೇಕು. ಲಿಖಿತ ಪರೀಕ್ಷೆಯ 900 ಅಂಕಗಳಲ್ಲಿ 300 ಗಣಿತದ್ದು. ಹಾಗಾಗಿ ಹತ್ತನೇ ಕ್ಲಾಸಿನ ರಿಸಲ್ಟ್ ಬಂದಾಗ, ಗೆಳೆಯರು ತೆಗೆದುಕೊಂಡರು ಅಂತ ಪ್ಲಸ್ ವನ್‌ಗೆ ವಿಭಾಗ ಆರಿಸಬೇಡಿ.