ಲೈಸೆನ್ಸ್ ಬಂತು, ರಿಪೀಟರ್ ಓಪನ್ ಆಗುತ್ತಿಲ್ಲ: ಕರಾವಳಿಯ ಹೊಸ ಹ್ಯಾಮ್‌ಗಳಿಗೆ

ಹವ್ಯಾಸಿ ರೇಡಿಯೋದ (ಹ್ಯಾಮ್) ಲೈಸೆನ್ಸಿನ ಜೊತೆ ನಿಮ್ಮ ಗುರುತಿನ ಹೆಸರಾದ ಕಾಲ್‌ಸೈನ್ ಕೈಗೆ ಬಂದಿದೆ, 5 ವ್ಯಾಟಿನ ಹ್ಯಾಂಡಿಯೂ (ಕೈಯಲ್ಲಿ ಹಿಡಿಯುವ ರೇಡಿಯೋ ಸೆಟ್) ಇದೆ. ಓದಿಗೋ ಕೆಲಸಕ್ಕೋ ಘಟ್ಟ ಇಳಿದು ಮಂಗಳೂರು, ಉಡುಪಿ, ಮಣಿಪಾಲಕ್ಕೆ ಬಂದ ಹೊಸ ಹ್ಯಾಮ್‌ಗಳ ದೂರು ಹೆಚ್ಚುಕಡಿಮೆ ಒಂದೇ: ಎತ್ತರದಲ್ಲಿ ಕೂತು ನಮ್ಮ ಸಿಗ್ನಲ್ ಹಿಡಿದು ದೂರಕ್ಕೆ ಮರಳಿ ಕಳಿಸುವ ರಿಪೀಟರಿನಲ್ಲಿ ಉಳಿದವರ ಮಾತು ಚೆನ್ನಾಗಿ ಕೇಳುತ್ತದೆ, ನಾವು ಕರೆದರೆ ಯಾರೂ ಉತ್ತರ ಕೊಡುವುದಿಲ್ಲ. ಸೆಟ್ ಕೆಟ್ಟಿದೆ ಎಂದುಕೊಂಡು ದುಬಾರಿಯದ್ದು ತರಲು ಹೋಗಬೇಡಿ. ತಪ್ಪು ಸಾಮಾನ್ಯವಾಗಿ ಮೆನುವಿನಲ್ಲಿರುತ್ತದೆ, ಇಲ್ಲವೇ ನೀವು ನಿಂತ ಜಾಗದಲ್ಲಿ.

ಮೊದಲು ಮೆನು. ಸ್ಥಳೀಯ ಹ್ಯಾಮ್‌ಗಳಿಂದ ಮೂರು ಸಂಖ್ಯೆ ಕೇಳಿ ಬರೆದುಕೊಳ್ಳಿ: ಔಟ್‌ಪುಟ್ ಫ್ರೀಕ್ವೆನ್ಸಿ (ರಿಪೀಟರ್ ಕೇಳಿಸುವುದು), ಶಿಫ್ಟ್ (ಅದಕ್ಕೂ ನೀವು ಕಳಿಸುವ ಫ್ರೀಕ್ವೆನ್ಸಿಗೂ ಇರುವ ಅಂತರ), ಟೋನ್ (ರಿಪೀಟರನ್ನು ತೆರೆಯಲು ಮಾತಿನ ಜೊತೆ ಹೋಗುವ ಸಣ್ಣ ಸ್ವರ). 2 ಮೀಟರ್ ಬ್ಯಾಂಡಿನಲ್ಲಿ ಶಿಫ್ಟ್ ಸಾಮಾನ್ಯವಾಗಿ ಮೈನಸ್ 600 ಕಿಲೋಹರ್ಟ್ಸ್. ಬರೀ ಲೆಕ್ಕಕ್ಕೆ ಹೇಳುವುದಾದರೆ, 145.650 ಮೆಗಾಹರ್ಟ್ಸ್‌ನಲ್ಲಿ ಕೇಳಿಸುವ ರಿಪೀಟರಿಗೆ ನಿಮ್ಮ ಸೆಟ್ 145.050ರಲ್ಲಿ ಕಳಿಸಬೇಕು. ಅನೇಕ ಹ್ಯಾಂಡಿಗಳಲ್ಲಿ 0.600 ತುಂಬುವ ಮೆನು ಬೇರೆ, ಮೈನಸ್ ಆರಿಸುವ ಮೆನು ಬೇರೆ. ಎರಡನೆಯದನ್ನು ಮರೆಯುವವರೇ ಜಾಸ್ತಿ. ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿದಾಗ ಡಿಸ್‌ಪ್ಲೇ ನೋಡಿ: ಅಂಕಿ 145.050ಕ್ಕೆ ಇಳಿಯಬೇಕು. ಇಳಿಯದಿದ್ದರೆ ನೀವು ರಿಪೀಟರಿನ ಔಟ್‌ಪುಟ್ ಮೇಲೆಯೇ ಮಾತಾಡುತ್ತಿದ್ದೀರಿ. ಅಕ್ಕಪಕ್ಕದವರಿಗೆ ತೊಂದರೆ, ರಿಪೀಟರಿಗೆ ನೀವು ಕರೆದ ಸುದ್ದಿಯೇ ಇಲ್ಲ.

ಟೋನನ್ನು ಟ್ರಾನ್ಸ್‌ಮಿಟ್ ಬದಿಗೆ ಮಾತ್ರ ಹಾಕಿ. ರಿಸೀವ್ ಬದಿಗೂ ಹಾಕಿ ಅದು ಹೊಂದದೆ ಹೋದರೆ ಏನೂ ಕೇಳಿಸುವುದಿಲ್ಲ. ಮೆನುವಿನಲ್ಲಿ ಸಿಗ್ನಲಿನ ಅಗಲಕ್ಕೆ ವೈಡ್, ನ್ಯಾರೋ ಎಂಬ ಆಯ್ಕೆ ಇರುತ್ತದೆ; ರಿಪೀಟರ್ ವೈಡ್ ಆಗಿದ್ದು ನಿಮ್ಮ ಸೆಟ್ ನ್ಯಾರೋದಲ್ಲಿದ್ದರೆ ದನಿ ಎಲ್ಲರಿಗೂ ಸಣ್ಣದಾಗಿ ಕೇಳುತ್ತದೆ.

ಇಷ್ಟಾದರೂ ಓಪನ್ ಆಗದಿದ್ದರೆ ಜಾಗ ಬದಲಿಸಿ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ರೇಡಿಯೋ ದಿಗಂತ, ಅಂದರೆ ಸಿಗ್ನಲ್ ನೇರವಾಗಿ ತಲುಪುವ ದೂರ, ಕಿಲೋಮೀಟರಿನಲ್ಲಿ ಸಿಗುತ್ತದೆ. ನಿಮ್ಮ ಆಂಟೆನಾ 10 ಮೀಟರ್ ಎತ್ತರದಲ್ಲಿದ್ದರೆ 13, ರಿಪೀಟರಿನದು 100 ಮೀಟರ್ ಎತ್ತರದಲ್ಲಿದ್ದರೆ 41. ಕೂಡಿಸಿದರೆ 54, ಸುಮಾರಾಗಿ ಮಂಗಳೂರಿನಿಂದ ಉಡುಪಿಯವರೆಗಿನ ದೂರ. ನೆಲದ ಮೇಲೆ ನಿಂತು ಕೈಯಲ್ಲಿ ಹಿಡಿದ ಹ್ಯಾಂಡಿಗೆ ನಿಮ್ಮ ಬದಿಯ ಪಾಲು 5 ಕಿಲೋಮೀಟರ್. ನಡುವೆ ಗುಡ್ಡ ಬಂದರೆ ಈ ಲೆಕ್ಕವೂ ಇಲ್ಲ. ಕದ್ರಿ ಗುಡ್ಡದ ನೆರಳಿನಲ್ಲಿರುವ ಮನೆಗೂ ಮಣಿಪಾಲದ ಎತ್ತರದಲ್ಲಿರುವ ಹಾಸ್ಟೆಲಿಗೂ ಹೋಲಿಕೆ ಮಾಡಬೇಡಿ. ಸಿಗ್ನಲ್ ಒಡೆಯುತ್ತಿದ್ದರೆ ಅರ್ಧ ಮೀಟರ್ ಸರಿದು ನೋಡಿ, ಅಷ್ಟಕ್ಕೇ ಸರಿಹೋಗುವುದುಂಟು.

ನಮ್ಮೂರಿನ ಟೆರೇಸುಗಳ ಮೇಲೆ ಮಳೆಗೆಂದು ಶೀಟು ಹಾಕಿರುತ್ತಾರಲ್ಲ, ಆ ತಗಡಿನ ಕೆಳಗೆ ಆಂಟೆನಾ ಇಟ್ಟು ಪ್ರಯೋಜನವಿಲ್ಲ. ಪೈಪು ಕಟ್ಟಿ ಶೀಟಿನಿಂದ ಮೇಲಕ್ಕೆ ಏರಿಸಿ. ಹಂಚಿನ ಮನೆಯವರು ಪುಣ್ಯವಂತರು: ಮಣ್ಣಿನ ಹಂಚು ರೇಡಿಯೋ ಅಲೆಯನ್ನು ಬಿಡುತ್ತದೆ. ಅಟ್ಟದಲ್ಲೇ ಆಂಟೆನಾ ತೂಗುಹಾಕಬಹುದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕನೆಕ್ಟರ್ ಒದ್ದೆಯಾಗುವ ಚಿಂತೆಯಿಲ್ಲ. ಹಂಚು ನೆನೆದಾಗ ಸಿಗ್ನಲ್ ಸ್ವಲ್ಪ ಇಳಿಯುತ್ತದೆ, ಅಷ್ಟೆ.

ಆಂಟೆನಾ ಮನೆಯಲ್ಲೇ ಮಾಡಿ. ಆಂಟೆನಾ ಕೇಬಲ್ ಸಿಕ್ಕಿಸುವ ಒಂದು ಎಸ್‌ಒ-239 ಸಾಕೆಟ್, 2 ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಐದು ತುಂಡು. ನಡುವಿನ ಪಿನ್ನಿಗೆ ಬೆಸುಗೆ ಹಾಕುವುದು 49 ಸೆಂಟಿಮೀಟರಿನದು. ನಾಲ್ಕು ಮೂಲೆಯ ತೂತುಗಳಿಗೆ 51 ಸೆಂಟಿಮೀಟರಿನವು, 45 ಡಿಗ್ರಿ ಕೆಳಗೆ ಬಾಗಿಸಿ. ನಡುವಿನದನ್ನು ಮೊದಲು 2 ಸೆಂಟಿಮೀಟರ್ ಹೆಚ್ಚೇ ಉದ್ದ ಇಟ್ಟು, ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಎಷ್ಟು ಪವರ್ ವಾಪಸ್ ಬರುತ್ತಿದೆ ಎಂದು ತೋರಿಸುವ ಅಳತೆ) ಮೀಟರ್ ನೋಡುತ್ತ ಚೂರುಚೂರೇ ಕತ್ತರಿಸಿ. 1.5ರ ಒಳಗೆ ಬಂದರೆ ಸಾಕು. 20 ಮೀಟರ್ ಆರ್‌ಜಿ-58 ಎಂಬ ತೆಳು ಕೇಬಲ್ ಎಳೆದರೆ ಅರ್ಧಕ್ಕಿಂತ ಹೆಚ್ಚು ಪವರ್ ದಾರಿಯಲ್ಲೇ ಹೋಗುತ್ತದೆ. ಉದ್ದ ಬೇಕಾದವರು ದಪ್ಪನೆಯ ಆರ್‌ಜಿ-213 ತನ್ನಿ. ನೀರು ಕುಡಿದ ಕೇಬಲ್ ಮೋಸಗಾರ. ವಾಪಸ್ ಬರುವ ಪವರನ್ನೂ ಅದೇ ನುಂಗುವುದರಿಂದ ಕೆಳಗಿನ ಮೀಟರಿನಲ್ಲಿ ಎಸ್‌ಡಬ್ಲ್ಯುಆರ್ ಒಳ್ಳೆಯದೇ ಕಾಣುತ್ತದೆ. ಹೊರಗಿನ ಕನೆಕ್ಟರಿಗೆ ರಬ್ಬರ್ ಟೇಪನ್ನು ಎಳೆದು, ಕೆಳಗಿನಿಂದ ಮೇಲಕ್ಕೆ ಸುತ್ತಿ. ಮೇಲಿನ ಸುತ್ತು ಕೆಳಗಿನದರ ಮೇಲೆ ಕೂತಾಗಲೇ ನೀರು ಜಾರುವುದು, ಹಂಚು ಹೊದಿಸಿದ ಹಾಗೆ.

ಇನ್ನು ಮಾತು. ಐದು ನಿಮಿಷ ಬರೀ ಕೇಳಿ. ಪಿಟಿಟಿ ಒತ್ತಿ ಒಂದು ಸೆಕೆಂಡ್ ತಡೆದು ಬಾಯಿ ತೆರೆಯಿರಿ, ಇಲ್ಲವಾದರೆ ಕಾಲ್‌ಸೈನಿನ ಮೊದಲ ಅಕ್ಷರ V ಹೇಳುವ ‘ವಿಕ್ಟರ್’ ಹೋಗಿ ‘ಟರ್’ ಮಾತ್ರ ಉಳಿಯುತ್ತದೆ. ಕಾಲ್‌ಸೈನ್, ಊರು, ‘ರೇಡಿಯೋ ಚೆಕ್ ಕೊಡ್ತೀರಾ?’ ಎಂದರೆ ಸಾಕು. ಕಾಲ್‌ಸೈನ್ ಹೇಳದೆ ಸುಮ್ಮನೆ ಒತ್ತಿ ಬಿಡುವುದು ಕೆಟ್ಟ ಚಾಳಿ. ಒಬ್ಬರು ಮುಗಿಸಿದ ಮೇಲೆ ಎರಡು ಸೆಕೆಂಡ್ ಜಾಗ ಕೊಡಿ, ತುರ್ತು ಇದ್ದವರು ‘ಬ್ರೇಕ್’ ಅನ್ನಬೇಕು. ಅನೇಕ ರಿಪೀಟರುಗಳಲ್ಲಿ ಟೈಮರ್ ಇರುತ್ತದೆ, ಮಾತು ಉದ್ದವಾದರೆ ನಡುವೆಯೇ ಕಡಿಯುತ್ತದೆ. ವ್ಯಾಪಾರದ ಮಾತಿಗೆ ಇಲ್ಲಿ ಅವಕಾಶವಿಲ್ಲ.

ಮಳೆಗಾಲಕ್ಕೆ ಮುಂಚಿನ ಕೆಲವು ಸಂಜೆ, ರಾತ್ರಿಗಳಲ್ಲಿ ಸಮುದ್ರದ ಮೇಲಿನ ಬಿಸಿಗಾಳಿಯ ಪದರ ಅಲೆಗಳನ್ನು ಬಾಗಿಸಿ ದೂರದೂರಿನ ರಿಪೀಟರುಗಳನ್ನು ತಂದು ಕೇಳಿಸುತ್ತದೆ. ಮಲಯಾಳ ಕೇಳಿದರೆ ಗಾಬರಿ ಬೇಡ. ಅದೇ ಫ್ರೀಕ್ವೆನ್ಸಿಯಲ್ಲಿ ಎರಡು ರಿಪೀಟರ್ ಒಟ್ಟಿಗೆ ಓಪನ್ ಆಗುತ್ತಿದ್ದರೆ 1 ವ್ಯಾಟಿಗೆ ಇಳಿಸಿ.

ಅದೇ ಎಪ್ರಿಲ್, ಮೇ ಸಂಜೆಗಳಲ್ಲಿ ಸಿಡಿಲೂ ಇದೆ. ಸೆಟ್ ಆಫ್ ಮಾಡಿದರೆ ಸಾಲದು. ಮೋಡ ಕಟ್ಟುವಾಗಲೇ ಕೇಬಲ್ ಕಳಚಿ, ತುದಿಯನ್ನು ಕಿಟಕಿಯ ಹೊರಗೆ ಹಾಕಿ. ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟಲು ಹೋಗಬೇಡಿ.